ಬೌದ್ಧ ವಿಹಾರಕ್ಕೆ ಹೋದಾಗ ಕಾಲು ಎಲ್ಲಿಡ್ಬೇಕು, ಯಾಕೆ?

ಥಾಯ್ಲೆಂಡಿನ ಒಂದು ವಾಟ್‌ನಲ್ಲಿ ಆಗಿದ್ದು ಇದು. ವಾಟ್ ಅಂದ್ರೆ ಅಲ್ಲಿನ ಬೌದ್ಧ ದೇವಾಲಯ. ಬೆಳಗ್ಗಿಂದ ಸುತ್ತಿ ಸುತ್ತಿ ಕಾಲು ಸೋತು ಹೋಗಿತ್ತು, ಒಳಗೆ ನೆಲ ತಣ್ಣಗಿತ್ತು, ಕೂತ್ಕೊಂಡು ಎರಡೂ ಕಾಲು ಮುಂದಕ್ಕೆ ಚಾಚ್ಬಿಟ್ಟೆ, ನೇರ ಎದುರಿಗೆ ಬುದ್ಧನ ದೊಡ್ಡ ಮೂರ್ತಿ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ನನ್ನ ಮೊಣಕಾಲನ್ನ ಮೆಲ್ಲಗೆ ತಟ್ಟಿ ತಾವು ಕೂತಿದ್ದ ರೀತಿ ತೋರಿಸಿದ್ರು, ಎರಡೂ ಕಾಲು ಮಡಚಿ ಒಂದೇ ಪಕ್ಕಕ್ಕೆ, ಪಾದ ಹಿಂದಕ್ಕೆ. ಬೈಲಿಲ್ಲ, ಮುಖ ಗಂಟು ಹಾಕ್ಲಿಲ್ಲ, ನಾನು ಹಾಗೆ ಕೂತಿದ್ದು ನೋಡಿ ತಲೆ ಆಡಿಸಿ ಮತ್ತೆ ಕಣ್ಮುಚ್ಚಿ ಕೈ ಮುಗಿದ್ರು, ಅಷ್ಟೇ. ಆಮೇಲೆ ಸುತ್ತ ನೋಡಿದ್ರೆ ಇಡೀ ಹಾಲ್‌ನಲ್ಲಿ ಒಬ್ಬರ ಪಾದವೂ ಮೂರ್ತಿ ಕಡೆ ಇರ್ಲಿಲ್ಲ, ಸಣ್ಣ ಮಕ್ಕಳದ್ದೂ ಇಲ್ಲ.

ಹೋಗೋಕೆ ಮುಂಚೆ ನಾನು ಮಾಡಬೇಕಾದ್ದು ಮಾಡಬಾರದ್ದು ಅಂತ ಒಂದು ಪಟ್ಟಿ ಓದಿದ್ದೆ, ಕಾಲಿನ ವಿಷಯ ಅದ್ರಲ್ಲೂ ಇತ್ತು. ಆದ್ರೆ ಬರೀ ಪಟ್ಟಿ ಓದಿದ್ರೆ ಸುಸ್ತಾದಾಗ ಮರ್ತೋಗತ್ತೆ. ಯಾಕೆ ಅಂತ ಗೊತ್ತಿದ್ರೆ ಮರೆಯಲ್ಲ, ಪಟ್ಟಿಯಲ್ಲಿ ಇಲ್ಲದೇ ಇರೋ ಸಂದರ್ಭ ಬಂದಾಗ್ಲೂ ಏನ್ ಮಾಡ್ಬೇಕು ಅಂತ ತಾನಾಗೇ ಹೊಳೆಯತ್ತೆ. ಅದಕ್ಕೇ ಇಲ್ಲಿ ಆ ಯಾಕೆ ಅನ್ನೋದನ್ನೇ ಹೇಳೋಕೆ ಹೊರಟಿದ್ದೀನಿ.

ಮೊದ್ಲು ಈ ಕಾಲಿನ ವಿಷಯ ಮುಗಿಸ್ತೀನಿ. ಥಾಯ್ಲೆಂಡ್, ಲಾವೋಸ್, ಕಾಂಬೋಡಿಯ, ಮ್ಯಾನ್ಮಾರ್ ಇಲ್ಲೆಲ್ಲಾ ದೇಹದಲ್ಲಿ ತಲೆ ಅತಿ ಪವಿತ್ರ, ಪಾದ ಅತಿ ಕೆಳಗಿನದು. ಇದೊಂದನ್ನ ಮನಸ್ಸಲ್ಲಿಟ್ಕೊಂಡ್ರೆ ಮುಕ್ಕಾಲು ನಿಯಮ ಅರ್ಥ ಆಗೋಗತ್ತೆ. ಚಪ್ಪಲಿ ಹೊರಗೆ ಬಿಡೋದು, ಪಾದ ಮೂರ್ತಿ ಕಡೆಗೂ ಭಿಕ್ಷುಗಳ ಕಡೆಗೂ ತೋರಿಸದೇ ಇರೋದು, ಕೂತಿರೋರನ್ನ ದಾಟ್ಕೊಂಡು ಹೋಗದೇ ಇರೋದು, ಮುದ್ದಾಗಿದ್ದಾನೆ ಅಂತ ಸಣ್ಣ ಸಾಮಣೇರನ ತಲೆ ಸವರದೇ ಇರೋದು (ಸಾಮಣೇರ ಅಂದ್ರೆ ಇನ್ನೂ ಪೂರ್ತಿ ದೀಕ್ಷೆ ಆಗದ ಬಾಲ ಭಿಕ್ಷು), ಭಿಕ್ಷುಗಳು ನೆಲದ ಮೇಲೆ ಕೂತಿದ್ರೆ ನಾವು ಕುರ್ಚಿ ಹುಡುಕದೇ ಇರೋದು, ಎಲ್ಲಾ ಅದೇ ಒಂದು ವಿಚಾರದ ಕೊಂಬೆಗಳು. ಟಿಬೆಟನ್ ಗೊಂಪಗಳಲ್ಲಿ (ಗೊಂಪ ಅಂದ್ರೆ ಟಿಬೆಟನ್ ಬೌದ್ಧರ ವಿಹಾರ) ಇದೇ ವಿಚಾರ ಪುಸ್ತಕಕ್ಕೂ ಬರತ್ತೆ, ಧರ್ಮಗ್ರಂಥದ ಹಾಳೆಗಳನ್ನ ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿಡ್ತಾರೆ, ನೆಲದ ಮೇಲೆ ಇಡೋದಾಗ್ಲಿ ದಾಟೋದಾಗ್ಲಿ ಮಾಡಲ್ಲ.

ಚಪ್ಪಲಿ ಬಿಡೋದು ಸಣ್ಣ ವಿಷಯ ಅನ್ಸಬಹುದು, ಆದ್ರೆ ಮ್ಯಾನ್ಮಾರ್‌ನಲ್ಲಿ ಇದಕ್ಕೆ ದೊಡ್ಡ ಚರಿತ್ರೆ ಇದೆ. ಬ್ರಿಟಿಷರ ಕಾಲದಲ್ಲಿ ಯುರೋಪಿಯನ್ನರು ಬೂಟು ಹಾಕ್ಕೊಂಡೇ ಪಗೋಡಗಳ ಒಳಗೆ ಓಡಾಡ್ತಿದ್ರು, ಅಲ್ಲಿನ ಜನಕ್ಕೆ ಅದು ತಡ್ಕೊಳ್ಳೋಕಾಗದ ನೋವು, ವರ್ಷಗಟ್ಟಲೆ ವಿರೋಧ ನಡೀತು. 1919ರಲ್ಲಿ ಮಾಂಡಲೇಯ ಒಂದು ಪಗೋಡದಲ್ಲಿ ಬೂಟು ಹಾಕ್ಕೊಂಡು ಬಂದವರನ್ನ ಭಿಕ್ಷುಗಳೇ ಹೊರಗೆ ಓಡಿಸಿ ಗಲಾಟೆ ಆಗಿ ಒಬ್ಬ ಭಿಕ್ಷುಗೆ ಜೀವಾವಧಿ ಶಿಕ್ಷೆ ಕೂಡ ಆಯ್ತು. ಕೊನೆಗೆ ಆಯಾ ವಿಹಾರದಲ್ಲಿ ಬೂಟು ಬಿಡಬೇಕೋ ಬೇಡ್ವೋ ಅಂತ ಅಲ್ಲಿನ ಮುಖ್ಯ ಭಿಕ್ಷುಗಳೇ ತೀರ್ಮಾನ ಮಾಡ್ಬಹುದು ಅಂತ ಸರ್ಕಾರ ಒಪ್ಪಿಕೊಳ್ತು. ಈಗ ಯಾಂಗೋನ್‌ನ ಶ್ವೇಡಗಾನ್‌ಗೆ ಹೋದ್ರೆ ಕೆಳಗಿನ ಮೆಟ್ಟಿಲಲ್ಲೇ ಚಪ್ಪಲಿ ಮಾತ್ರ ಅಲ್ಲ ಸಾಕ್ಸ್ ಕೂಡ ತೆಗೀಬೇಕು. ಮಧ್ಯಾಹ್ನದ ಬಿಸಿಲಲ್ಲಿ ಆ ಕಲ್ಲು ನಿಜವಾಗ್ಲೂ ಸುಡತ್ತೆ, ಹಾಗಾಗಿ ಬೆಳಗ್ಗೆ ಬೇಗ ಅಥವಾ ಸಂಜೆ ಹೋಗೋದು ಒಳ್ಳೇದು.

ಇನ್ನು ಈ ಜಾಗ ಅಂದ್ರೆ ಏನು ಅನ್ನೋದು. ವಿಹಾರ ಅನ್ನೋ ಪದಕ್ಕೆ ಮೂಲ ಅರ್ಥವೇ ಭಿಕ್ಷುಗಳು ಇರೋ ಮನೆ. ಆಗಿನ ಭಿಕ್ಷುಗಳು ಊರೂರು ಸುತ್ತೋರು, ಮಳೆಗಾಲದಲ್ಲೂ ಸುತ್ತಿ ಎಳೆ ಪೈರು ತುಳೀತಾರೆ, ಹುಳು ಹುಪ್ಪಟೆ ಸಾಯ್ತವೆ ಅಂತ ಜನ ಆಕ್ಷೇಪ ಮಾಡಿದ್ರಿಂದ ಮೂರು ತಿಂಗಳು ಒಂದೇ ಕಡೆ ನಿಲ್ಲಬೇಕು ಅಂತ ಬುದ್ಧ ನಿಯಮ ಮಾಡಿದ ಅಂತ ವಿನಯ ಗ್ರಂಥಗಳು, ಅಂದ್ರೆ ಭಿಕ್ಷುಗಳ ನಿಯಮದ ಪುಸ್ತಕಗಳು, ಹೇಳ್ತವೆ. ಅದು ವರ್ಷಾವಾಸ. ಹಾಗೆ ನಿಲ್ಲೋಕೆ ಕಟ್ಟಿದ ಜಾಗಗಳೇ ಬೆಳೀತಾ ಬೆಳೀತಾ ಪೂರ್ತಿ ವಿಹಾರಗಳಾದವು. ಹಾಗಾಗಿ ನೀವು ಟೂರಿಸ್ಟ್ ಆಗಿ ಒಳಗೆ ಕಾಲಿಟ್ಟಾಗ ಅದು ಯಾರದ್ದೋ ಮನೆ, ಅವರ ಪಾಠಶಾಲೆ, ಅವರ ಊಟದ ಮನೆ, ಮಲಗೋ ಜಾಗ. ಹಿಂದಿನ ಸಾಲಲ್ಲಿ ಕಾವಿ ಬಟ್ಟೆ ಒಣಗೋಕೆ ಹಾಕಿರೋ ರೂಮುಗಳಿದ್ರೆ ಆ ಕಡೆ ಕ್ಯಾಮರಾ ತಗೊಂಡು ನುಗ್ಗಬೇಡಿ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ ಅನ್ಕೊಳ್ತೀನಿ.

ಹೊರಗೆ ಜನ ಪೂಜಿಸೋ ವಸ್ತುಗಳಲ್ಲೂ ಒಂದು ಕ್ರಮ ಇದೆ. ಶ್ರೀಲಂಕಾದ ವಿಹಾರಗಳಲ್ಲಿ ಸಾಮಾನ್ಯವಾಗಿ ಮೂರು ಇರತ್ತೆ, ಸ್ತೂಪ, ಬೋಧಿವೃಕ್ಷ, ಮೂರ್ತಿ ಇರೋ ಮನೆ. ನಮಗೆ ಕಣ್ಣಿಗೆ ಬೀಳೋದು ಮೂರ್ತಿ, ಆದ್ರೆ ಸಂಪ್ರದಾಯದಲ್ಲಿ ಮೊದಲ ಸ್ಥಾನ ಸ್ತೂಪಕ್ಕೆ ಯಾಕಂದ್ರೆ ಅದ್ರೊಳಗೆ ಬುದ್ಧನ ಅಥವಾ ಹಿರಿಯ ಅರ್ಹಂತರ (ನಿರ್ವಾಣ ಪಡೆದವರ) ದೇಹದ ಅವಶೇಷ ಇರತ್ತೆ ಅನ್ನೋ ನಂಬಿಕೆ, ಆಮೇಲೆ ಆತ ಬಳಸಿದ್ದು, ಅಂದ್ರೆ ಯಾವುದರ ಕೆಳಗೆ ಕೂತನೋ ಆ ಮರ, ಆಮೇಲೆ ಆತನನ್ನ ನೆನಪಿಸೋದು, ಅಂದ್ರೆ ಮೂರ್ತಿ. ಚರಿತ್ರೆ ನೋಡಿದ್ರೂ ಮೂರ್ತಿ ತಡವಾಗೇ ಬಂದಿದ್ದು. ಸಾಂಚಿಯ, ಭಾರ್ಹುತ್‌ನ ಹಳೇ ಶಿಲ್ಪಗಳಲ್ಲಿ ಬುದ್ಧ ಮನುಷ್ಯ ರೂಪದಲ್ಲಿ ಇಲ್ಲವೇ ಇಲ್ಲ, ಖಾಲಿ ಪೀಠ, ಪಾದದ ಗುರುತು, ಚಕ್ರ, ಮರ ಇಷ್ಟೇ. ಮಥುರಾ ಮತ್ತು ಗಾಂಧಾರದಲ್ಲಿ ಸುಮಾರು ಕ್ರಿಸ್ತಶಕ 1ನೇ ಶತಮಾನದ ಹೊತ್ತಿಗೆ ಮೂರ್ತಿ ಮಾಡೋದು ಶುರುವಾಯ್ತು. ಇದು ಗೊತ್ತಿದ್ರೆ ಮೂರ್ತಿ ಫೋಟೋ ತೆಗ್ದು ಹೊರಟು ಹೋಗೋ ಬದ್ಲು ಹೊರಗಿರೋ ಆ ಬಿಳಿ ಗುಮ್ಮಟದ ಹತ್ರನೂ ಸ್ವಲ್ಪ ಹೊತ್ತು ನಿಲ್ತೀರ.

ಸ್ತೂಪ ಸುತ್ತೋದು ಬಲಕ್ಕೆ, ಅಂದ್ರೆ ಸ್ತೂಪ ಯಾವಾಗ್ಲೂ ನಿಮ್ಮ ಬಲಗೈ ಕಡೆ ಇರ್ಬೇಕು. ಲಡಾಖ್‌ನಲ್ಲಿ ದಾರಿ ಮಧ್ಯೆ ಮಂತ್ರ ಕೆತ್ತಿದ ಕಲ್ಲುಗಳನ್ನ ಪೇರಿಸಿದ ಉದ್ದದ ಮಣಿ ಗೋಡೆಗಳು ಸಿಗ್ತವೆ, ಅಲ್ಲೂ ಅದೇ ಲೆಕ್ಕ, ಗೋಡೆ ಬಲಕ್ಕೆ ಬರೋ ಹಾಗೆ ನಡೀಬೇಕು, ಅದಕ್ಕೆ ದಾರಿ ಎರಡೂ ಕಡೆ ಸೀಳಿ ಹೋಗಿರತ್ತೆ. ಪ್ರಾರ್ಥನಾ ಚಕ್ರ ತಿರುಗಿಸೋದೂ ಹಾಗೇ, ಗಡಿಯಾರದ ಮುಳ್ಳಿನ ದಿಕ್ಕಿಗೆ, ಒಳಗೆ ಸುರುಳಿ ಸುತ್ತಿದ ಕಾಗದದಲ್ಲಿ ಮಂತ್ರ ಬರ್ದಿರತ್ತೆ, ಒಂದು ಸುತ್ತು ತಿರುಗಿದ್ರೆ ಅಷ್ಟನ್ನೂ ಓದಿದ ಹಾಗೆ ಅಂತ. ಟಿಬೆಟಿನಲ್ಲಿ ಬೋನ್ ಅಂತ ಇನ್ನೊಂದು ಹಳೇ ಧರ್ಮ ಇದೆ, ಅವರು ಸುತ್ತೋದು ಉಲ್ಟಾ. ಹಾಗಾಗಿ ಎಲ್ಲಾದ್ರೂ ಎಲ್ಲರೂ ಎಡಕ್ಕೆ ಸುತ್ತುತ್ತಿದ್ರೆ ನೀವು ಅವರನ್ನ ತಿದ್ದೋಕೆ ಹೋಗಬೇಡಿ, ಅವರ ಜೊತೆ ಹೆಜ್ಜೆ ಹಾಕಿ.

ಇನ್ನು ಬಹಳ ಜನಕ್ಕೆ ಇರೋ ಮುಜುಗರ, ನಾನು ಬೌದ್ಧ ಅಲ್ಲ, ನಮಸ್ಕಾರ ಮಾಡ್ಬೇಕಾ? ಬೇಕಾಗಿಲ್ಲ. ಅಲ್ಲಿನವರು ಮೂರು ಸಲ ಬಾಗಿ ನಮಸ್ಕಾರ ಮಾಡೋದು ಬುದ್ಧನಿಗೆ, ಧಮ್ಮಕ್ಕೆ (ಆತನ ಬೋಧನೆಗೆ), ಸಂಘಕ್ಕೆ (ಭಿಕ್ಷು ಸಮುದಾಯಕ್ಕೆ) ಒಂದೊಂದು ಅಂತ. ಶರಣು ಹೋದವರು ಮಾಡೋ ಕೆಲಸ ಅದು. ಅತಿಥಿಯಾಗಿ ಬಂದೋರು ಸುಮ್ನೆ ಕೈ ಮುಗಿದ್ರೆ, ಅಥವಾ ಬದಿಗೆ ನಿಂತು ಮೌನವಾಗಿದ್ರೂ ಯಾರೂ ತಪ್ಪು ತಿಳ್ಕೊಳ್ಳಲ್ಲ. ಫೋಟೋಗೋಸ್ಕರ ಧ್ಯಾನದ ಪೋಸ್ ಕೊಟ್ಟು ಕೂರೋದಕ್ಕಿಂತ ಸುಮ್ನೆ ನಿಲ್ಲೋದು ಎಷ್ಟೋ ಮೇಲು ಅಂತ ನನ್ನ ಅಭಿಪ್ರಾಯ. ಹೂವು, ದೀಪ, ಊದುಬತ್ತಿ ಇಡ್ಬೇಕು ಅನ್ಸಿದ್ರೆ ಇಡಿ, ಥೇರವಾದದಲ್ಲಿ (ಶ್ರೀಲಂಕಾ, ಥಾಯ್ಲೆಂಡ್, ಮ್ಯಾನ್ಮಾರ್ ಕಡೆಯ ಬೌದ್ಧ ಪಂಥ) ಹೂವಿಡುವಾಗ ಹೇಳೋ ಪಾಳಿ ಗಾಥೆಯ ಭಾವ ಕೂಡ ಚೆನ್ನಾಗಿದೆ, ಈ ಹೂವು ಹೇಗೆ ಬಾಡತ್ತೋ ಹಾಗೇ ನನ್ನ ಈ ದೇಹನೂ ಅಳಿಯತ್ತೆ ಅಂತ. ಅಲ್ಲಿ ಪೀಠದ ಮೇಲೆ ಬಾಡ್ತಾ ಇರೋ ಹೂವು ಕಂಡ್ರೆ ಈ ಗಾಥೆ ನೆನಪಿಗೆ ಬರ್ಲಿ.

ಮೂರ್ತಿಯ ಕೈ ನೋಡೋದು ಕಲಿತ್ರೆ ಭೇಟಿ ಇನ್ನೂ ಆಳವಾಗತ್ತೆ. ಬಲಗೈ ಬೆರಳು ನೆಲ ಮುಟ್ಟಿದ್ರೆ ಅದು ಭೂಮಿಸ್ಪರ್ಶ ಮುದ್ರೆ, ಬುದ್ಧನ ಧ್ಯಾನ ಕೆಡಿಸೋಕೆ ನೋಡಿದ ಮಾರ ಬಂದು ನಿನ್ನ ಸಾಧನೆಗೆ ಸಾಕ್ಷಿ ಯಾರು ಅಂದಾಗ ಭೂಮಿಯನ್ನ ಸಾಕ್ಷಿಗೆ ಕರೆದ ಕ್ಷಣ. ಅಂಗೈ ಎದುರಿಗೆ ಎತ್ತಿದ್ರೆ ಅಭಯ. ಎರಡೂ ಕೈ ಎದೆ ಹತ್ರ ಚಕ್ರದ ಹಾಗೆ ಜೋಡಿಸಿದ್ರೆ ಸಾರನಾಥದ ಮೊದಲ ಉಪದೇಶ. ಬಲ ಮಗ್ಗುಲಿಗೆ ಮಲಗಿದ ಮೂರ್ತಿಗಳಲ್ಲಿ ಹೆಚ್ಚಿನವು ಪರಿನಿರ್ವಾಣ, ಅಂದ್ರೆ ಕೊನೇ ಗಳಿಗೆ. ಅದರ ಪಕ್ಕ ತಾವೂ ಅದೇ ಭಂಗಿಯಲ್ಲಿ ಮಲಗಿ ಫೋಟೋ ತೆಗೆಸ್ಕೊಳ್ಳೋರು ಇದ್ದಾರೆ, ಅದು ಒಬ್ಬರ ಸಾವಿನ ಹೊತ್ತು ಅಂತ ಗೊತ್ತಿದ್ರೆ ಖಂಡಿತ ಮಾಡ್ತಿರ್ಲಿಲ್ಲ.

ಫೋಟೋ ವಿಷಯ ಸ್ವಲ್ಪ ಗಂಭೀರ. ಶ್ರೀಲಂಕಾದಲ್ಲಿ ಮೂರ್ತಿಗೆ ಬೆನ್ನು ತಿರುಗಿಸಿ ಸೆಲ್ಫಿ ತಗೊಳ್ಳೋದು ಅವಮಾನ ಅಂತಾನೇ ಲೆಕ್ಕ. 2012ರಲ್ಲಿ ಬುದ್ಧನ ಮೂರ್ತಿಗೆ ಮುತ್ತು ಕೊಡೋ ಹಾಗೆ ಫೋಟೋ ತೆಗೆಸ್ಕೊಂಡ ಫ್ರೆಂಚ್ ಪ್ರವಾಸಿಗರಿಗೆ ಅಲ್ಲಿನ ಕೋರ್ಟು ಶಿಕ್ಷೆ ವಿಧಿಸಿ ಅದನ್ನ ಅಮಾನತಿನಲ್ಲಿಟ್ಟಿತು. 2014ರಲ್ಲಿ ತೋಳಿನ ಮೇಲೆ ಬುದ್ಧನ ಟ್ಯಾಟೂ ಇದ್ದ ಒಬ್ಬ ಬ್ರಿಟಿಷ್ ಮಹಿಳೆಯನ್ನ ದೇಶದಿಂದಲೇ ವಾಪಸ್ ಕಳಿಸಿದ್ರು, ಆಮೇಲೆ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆಕೆಯ ಹಕ್ಕಿಗೆ ಧಕ್ಕೆ ಆಗಿದೆ ಅಂತ ಪರಿಹಾರ ಕೊಡಿಸ್ತು ಅನ್ನೋದು ನಿಜ, ಆದ್ರೂ ಅಂಥ ಟ್ಯಾಟೂ ಇದ್ರೆ ಉದ್ದ ತೋಳಿನ ಬಟ್ಟೆ ಹಾಕ್ಕೊಂಡು ಹೋಗೋದೇ ಸರಿ. ಥಾಯ್ಲೆಂಡಿನ ಅಯುತ್ತಯದಲ್ಲಿ ವಾಟ್ ಮಹಾಥಾತ್ ಅಂತ ಇದೆ, ಮರದ ಬೇರುಗಳ ಮಧ್ಯೆ ಸಿಕ್ಕೊಂಡಿರೋ ಬುದ್ಧನ ಕಲ್ಲಿನ ತಲೆ, ಫೋಟೋದಲ್ಲಿ ನೋಡೇ ಇರ್ತೀರ. 1767ರಲ್ಲಿ ಬರ್ಮಾ ಸೈನ್ಯ ಆ ಇಡೀ ಪಟ್ಟಣನ ಹಾಳು ಮಾಡ್ತು. ಅಲ್ಲಿ ಫೋಟೋ ತೆಗೆಸ್ಕೊಳ್ಳೋರು ಕೆಳಗೆ ಕೂತ್ಕೋಬೇಕು, ನಮ್ಮ ತಲೆ ಆ ತಲೆಗಿಂತ ಮೇಲೆ ಬರಬಾರದು. ಆ ತಲೆ ಇರೋದೇ ನೆಲದ ಹತ್ರ, ಹಾಗಾಗಿ ಎಲ್ಲರೂ ಮಂಡಿಯೂರಲೇಬೇಕು. ನೋಡೋಕೆ ಅದು ತುಂಬಾ ಚೆನ್ನಾಗಿರತ್ತೆ, ಜಗತ್ತಿನ ಎಲ್ಲಾ ಕಡೆಯಿಂದ ಬಂದೋರು ಒಬ್ಬೊಬ್ಬರಾಗಿ ಬಂದು ಆ ಮುಖದ ಮುಂದೆ ತಗ್ಗಿ ಕೂತು ಎದ್ದು ಹೋಗ್ತಾರೆ.

ಈಗ ಭಿಕ್ಷುಗಳ ವಿಷಯ, ತಪ್ಪು ತಿಳುವಳಿಕೆ ಹೆಚ್ಚು ಆಗೋದು ಇಲ್ಲೇ. ಥೇರವಾದದ ಭಿಕ್ಷುಗೆ 227 ನಿಯಮ. ಮಧ್ಯಾಹ್ನ 12 ಆದ್ಮೇಲೆ ಮರುದಿನ ಬೆಳಗಾಗೋವರೆಗೂ ಊಟ ಮಾಡೋ ಹಾಗಿಲ್ಲ, ದುಡ್ಡು ಮುಟ್ಟೋ ಹಾಗಿಲ್ಲ, ಹೆಂಗಸರನ್ನ ಮುಟ್ಟೋ ಹಾಗಿಲ್ಲ. ಥಾಯ್ಲೆಂಡಿನಲ್ಲಿ ಒಬ್ಬ ಹೆಣ್ಣುಮಗಳು ಏನಾದ್ರೂ ಕೊಟ್ರೆ ಭಿಕ್ಷು ಒಂದು ತುಂಡು ಬಟ್ಟೆ ಹಾಸಿ ಅದ್ರ ಮೇಲೆ ಇಡಿಸ್ಕೊಳ್ತಾರೆ. ಮೊದಲ ಸಲ ನೋಡೋರಿಗೆ ಇದು ನನ್ನನ್ನ ಕೀಳಾಗಿ ಕಂಡ್ರು ಅನ್ಸಬಹುದು. ಆದ್ರೆ ವ್ರತ ತಗೊಂಡಿರೋದು ಆತ, ಕಟ್ಟು ಇರೋದು ಆತನ ಕೈಗೆ. ಬಸ್ಸಲ್ಲಿ ಪಕ್ಕದ ಸೀಟು ಖಾಲಿ ಇದ್ರೂ ಹೆಂಗಸರು ಅಲ್ಲಿ ಕೂರದೇ ಇರೋದು, ಇಕ್ಕಟ್ಟಿನ ದಾರಿಯಲ್ಲಿ ಸ್ವಲ್ಪ ಸರಿದು ಜಾಗ ಬಿಡೋದು ಆತನ ವ್ರತ ಉಳಿಯೋಕೆ ನಾವು ಮಾಡೋ ಸಹಾಯ. ಹಾಗೇ ಮಧ್ಯಾಹ್ನ ಎರಡು ಗಂಟೆಗೆ ಪ್ರೀತಿಯಿಂದ ಬಿಸ್ಕತ್ತು ಕೊಡೋಕೆ ಹೋದ್ರೆ ಅವರಿಗೆ ಇಕ್ಕಟ್ಟು, ಕಾಣಿಕೆ ಕೊಡೋದಿದ್ರೆ ಡಬ್ಬಿಗೆ ಹಾಕಿ, ಕೈಗೆ ಕೊಡಬೇಡಿ.

ಲಾವೋಸಿನ ಲುವಾಂಗ್ ಪ್ರಬಾಂಗ್‌ನಲ್ಲಿ ನಸುಕಿನ ಭಿಕ್ಷಾಟನೆಗೆ ತಾಕ್ ಬಾತ್ ಅಂತಾರೆ. ಇನ್ನೂ ಕತ್ತಲೆ ಇರುವಾಗ್ಲೇ ಊರಿನ ಹೆಂಗಸರು ಹೆಗಲಿಗೆ ವಸ್ತ್ರ ಹಾಕ್ಕೊಂಡು ಬೀದಿ ಪಕ್ಕ ಚಾಪೆ ಮೇಲೆ ಮಂಡಿಯೂರಿ ಕೂತಿರ್ತಾರೆ, ಮುಂದೆ ಬಿದಿರಿನ ಸಣ್ಣ ಬುಟ್ಟಿಯಲ್ಲಿ ಬಿಸಿ ಅಂಟು ಅಕ್ಕಿ ಅನ್ನ. ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರ್ತಾರೆ, ಹಿರಿಯರು ಮುಂದೆ, ಕೊನೆಗೆ ಪುಟ್ಟ ಹುಡುಗರು. ಪಾತ್ರೆ ಮುಚ್ಚಳ ಸ್ವಲ್ಪ ಸರಿಯತ್ತೆ, ಒಂದು ಚಿಟಿಕೆ ಅನ್ನ ಬೀಳತ್ತೆ, ಸಾಲು ನಿಲ್ಲಲ್ಲ, ಮಾತಿಲ್ಲ, ಕಣ್ಣೆತ್ತಿ ನೋಡೋದಿಲ್ಲ, ಧನ್ಯವಾದವೂ ಇಲ್ಲ. ಯಾಕೆ ಇಲ್ಲ ಅಂದ್ರೆ ಅವರ ಲೆಕ್ಕದಲ್ಲಿ ಪುಣ್ಯ ಸಿಗ್ತಿರೋದು ಕೊಟ್ಟೋರಿಗೆ, ಕೊಡೋ ಅವಕಾಶ ಸಿಕ್ಕಿದ್ದಕ್ಕೆ ಕೊಟ್ಟೋರೇ ಕೈ ಮುಗೀತಾರೆ. ಇಷ್ಟು ಸೂಕ್ಷ್ಮವಾದ ಕೊಡು ಕೊಳ್ಳುವಿಕೆ ಮಧ್ಯೆ ಒಬ್ಬರು ಬಂದು ಭಿಕ್ಷುವಿನ ಮುಖಕ್ಕೇ ಫ್ಲ್ಯಾಶ್ ಹಾಕಿದ್ರೆ ಹೇಗಿರತ್ತೆ ಯೋಚಿಸಿ. ಆ ಊರಲ್ಲಿ ಬೋರ್ಡ್ ಹಾಕಿ ಕೇಳ್ಕೊಳ್ತಿದ್ದಾರೆ, ದೂರ ನಿಲ್ಲಿ, ಫ್ಲ್ಯಾಶ್ ಬೇಡ, ಮೌನವಾಗಿರಿ, ನಿಮಗೆ ಅರ್ಥ ಇದೆ ಅನ್ಸಿದ್ರೆ ಮಾತ್ರ ಭಿಕ್ಷೆ ಹಾಕಿ ಅಂತ. ರಸ್ತೆಯ ಆಚೆ ಬದಿಯಲ್ಲಿ ನಿಂತು ಬರೀ ಕಣ್ಣಲ್ಲಿ ನೋಡಿ, ನನಗಂತೂ ಅದೇ ಸಾಕು ಅನ್ಸಿದೆ.

ಆದ್ರೆ ಇದೇ ನಿಯಮಗಳನ್ನ ಎಲ್ಲಾ ಕಡೆ ಅನ್ವಯಿಸೋಕೆ ಹೋಗಬೇಡಿ. ಜಪಾನಿನಲ್ಲಿ 1872ರ ಸರ್ಕಾರಿ ಆದೇಶದ ನಂತರ ಬೌದ್ಧ ಪುರೋಹಿತರು ಮದುವೆ ಆಗೋದು ಮಾಮೂಲಿ ಆಗಿದೆ, ಹಾಗಾಗಿ ಅಲ್ಲಿ ದೇವಾಲಯದ ಬಾಗಿಲು ತೆಗೆಯೋದು ಗುರುಗಳ ಹೆಂಡತಿಯೇ ಆಗಿರಬಹುದು, ಪಕ್ಕದಲ್ಲಿ ಮಕ್ಕಳ ಸೈಕಲ್ ನಿಂತಿರಬಹುದು. ಅಲ್ಲಿ ಬುದ್ಧನ ಮುಂದೆ ಚಪ್ಪಾಳೆ ತಟ್ಟಬಾರದು, ಚಪ್ಪಾಳೆ ಜಪಾನಿನದೇ ಆದ ಶಿಂಟೋ ಧರ್ಮದ ದೇವರಿಗೆ, ಇಲ್ಲಿ ಸುಮ್ನೆ ಕೈ ಜೋಡಿಸಬೇಕು. ಹೊಸ್ತಿಲು ತುಳೀಬಾರದು, ದಾಟಬೇಕು.

ಟಿಬೆಟನ್ ಗೊಂಪದಲ್ಲಿ ಪೂಜೆ ನಡೀತಿರುವಾಗ ಒಳಗೆ ಹೋಗೋ ಅವಕಾಶ ಸಿಕ್ರೆ ಬಿಡಬೇಡಿ. ಉದ್ದದ ಕಹಳೆ, ಡೋಲು, ತಾಳ, ಆಳದ ಗಂಟಲಲ್ಲಿ ಪಠಣ, ನಡುನಡುವೆ ಹುಡುಗರು ದೊಡ್ಡ ಕೆಟಲ್ ಹಿಡ್ಕೊಂಡು ಸಾಲಿಗೆ ಓಡಾಡ್ತಾ ಬೆಣ್ಣೆ ಚಹಾ ಸುರೀತಾರೆ. ಗೋಡೆ ಪಕ್ಕ ಎಡಗಡೆಯಿಂದ ಶುರು ಮಾಡಿ ಸುತ್ತಿ ಬನ್ನಿ, ಭಿಕ್ಷುಗಳ ಸಾಲಿನ ಮಧ್ಯೆ ನಡೀಬೇಡಿ, ಖಾಲಿ ಇದೆ ಅಂತ ಅವರ ದಪ್ಪ ಆಸನದ ಮೇಲೆ ಕೂರಬೇಡಿ, ಎಲ್ಲಕ್ಕಿಂತ ಎತ್ತರದ ಪೀಠದ ಮೇಲೆ ಫೋಟೋ ಇಟ್ಟಿದ್ರೆ ಅದು ಗುರುವಿನ ಜಾಗ, ಮುಟ್ಟಬೇಡಿ. ಹೊರಗೆ ಹಾರಾಡೋ ಪತಾಕೆಗಳ ಐದು ಬಣ್ಣ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ, ಅಂದ್ರೆ ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಗಾಳಿಗೆ ಹರಿದು ಬಣ್ಣ ಮಾಸಿದ್ರೆ ನೋಡಿಕೊಂಡಿಲ್ಲ ಅಂತ ಅಲ್ಲ, ಪ್ರಾರ್ಥನೆ ಗಾಳಿಗೆ ಸೇರಿಹೋಗಿದೆ ಅಂತ ಅರ್ಥ.

ಬುದ್ಧನಿಗೆ ಜ್ಞಾನೋದಯ ಆದ ಬೋಧಗಯಾ ಬಗ್ಗೆ ಹೇಳದೇ ಇರೋಕಾಗಲ್ಲ. ಮಹಾಬೋಧಿ ದೇವಾಲಯ 2002ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ಗೋಪುರ ಸುಮಾರು 50 ಮೀಟರ್. 2013ರಲ್ಲಿ ಅಲ್ಲಿ ಬಾಂಬ್ ಸ್ಫೋಟ ಆದ್ಮೇಲೆ ಮೊಬೈಲ್ ಒಳಗೆ ಬಿಡಲ್ಲ, ಹೊರಗೇ ಕೊಟ್ಟು ಹೋಗ್ಬೇಕು. ಮೊದಲ ಹತ್ತು ನಿಮಿಷ ಕೈ ಸುಮ್ನೆ ಜೇಬಿಗೆ ಹೋಗತ್ತೆ, ಆಮೇಲೆ ಕಿವಿ ತೆರ್ಕೊಳ್ಳತ್ತೆ. ಒಂದು ಕಡೆ ಮರದ ಹಲಗೆಗಳ ಸಾಲು, ಅದ್ರ ಮೇಲೆ ಟಿಬೆಟನ್ ಸಂಪ್ರದಾಯದವರು ದೀರ್ಘದಂಡ ನಮಸ್ಕಾರ ಮಾಡ್ತಿರ್ತಾರೆ, ಕೆಲವರು ಒಂದು ಲಕ್ಷ ಪೂರ್ತಿ ಮಾಡೋ ಸಂಕಲ್ಪದಲ್ಲಿ. ಅಂಗೈ ಕೆಳಗೆ ಬಟ್ಟೆ ಇಟ್ಕೊಂಡು ಜಾರಿ ಪೂರ್ತಿ ಮಲಗಿ ಮತ್ತೆ ಏಳ್ತಾರೆ, ಆ ಬಟ್ಟೆ ಹಲಗೆ ಮೇಲೆ ಸರ್ರ್ ಅಂತ ಜಾರೋ ಸದ್ದು, ಸವೆದು ಸವೆದು ಕನ್ನಡಿ ಥರ ಆಗಿರೋ ಹಲಗೆ. ಇನ್ನೊಂದು ಕಡೆ ಬೋಧಿವೃಕ್ಷ, ಮೂಲ ಮರದ ವಂಶದ್ದು ಅಂತ ಪೂಜಿಸ್ತಾರೆ. ಒಂದು ಎಲೆ ಬಿದ್ರೆ ಸಾಕು, ಕಣ್ಮುಚ್ಚಿ ಕೂತಿದ್ದವರೂ ಕಣ್ಬಿಟ್ಟು ನೋಡ್ತಾರೆ. ಬಿದ್ದಿದ್ದನ್ನ ಎತ್ಕೋಬಹುದು, ಕೀಳೋ ಹಾಗಿಲ್ಲ.

ಒಂದು ದಿನಕ್ಕಿಂತ ಹೆಚ್ಚು ಸಮಯ ಇದ್ರೆ ಅಲ್ಲೇ ಉಳ್ಕೊಂಡು ನೋಡಿ. ಕೊರಿಯಾದಲ್ಲಿ ಟೆಂಪಲ್‌ಸ್ಟೇ ಅಂತ ಕಾರ್ಯಕ್ರಮ 2002ರಲ್ಲಿ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಶುರುವಾಯ್ತು, ಈಗ ಯಾವ ದೇಶದವರು ಬೇಕಾದ್ರೂ ಸೇರ್ಬಹುದು. ಬೆಳಗಿನ ಜಾವ ಇನ್ನೂ ಕತ್ತಲೆ ಇರುವಾಗ್ಲೇ ಮೊಕ್‌ತಾಕ್ ಅನ್ನೋ ಮರದ ತಾಳವಾದ್ಯ ಬಡಿಯೋ ಸದ್ದಿಗೆ ಏಳಬೇಕು. ಅಲ್ಲಿನ ಸಾಂಪ್ರದಾಯಿಕ ಊಟದ ಕ್ರಮ ನನಗೆ ಎಲ್ಲಕ್ಕಿಂತ ಇಷ್ಟ. ಒಂದರೊಳಗೊಂದು ಕೂರೋ ನಾಲ್ಕು ಬಟ್ಟಲು, ಅನ್ನಕ್ಕೆ, ಸಾರಿಗೆ, ಪಲ್ಯಗಳಿಗೆ, ನೀರಿಗೆ ಒಂದೊಂದು. ತಿನ್ನೋವಷ್ಟೇ ಹಾಕಿಸ್ಕೋಬೇಕು, ಮಾತಾಡೋ ಹಾಗಿಲ್ಲ, ಕೊನೆಯಲ್ಲಿ ಒಂದು ಹೋಳು ಉಪ್ಪಿನಲ್ಲಿಟ್ಟ ಮೂಲಂಗಿ ಉಳಿಸ್ಕೊಂಡು ಅದ್ರಿಂದ ಬಟ್ಟಲು ಒರೆಸಿ, ನೀರು ಹಾಕಿ ತೊಳೆದು ಆ ನೀರನ್ನ ಕುಡೀಬೇಕು. ಒಂದು ಅಗುಳೂ ಹೊರಗೆ ಹೋಗಲ್ಲ. ಮೊದಲ ಸಲ ಕುಡಿಯೋಕೆ ಮನಸ್ಸು ಹಿಂಜರಿಯತ್ತೆ, ಆದ್ರೆ ಅದು ನಾವೇ ಈಗ ತಾನೇ ಉಂಡ ಊಟ ಅಲ್ವಾ.

ಇನ್ನು ಬುದ್ಧನ ತಲೆ ಮಾತ್ರ ಇರೋ ಮೂರ್ತಿನ ನೆನಪಿಗೆ ಅಂತ ಕೊಂಡ್ಕೊಂಡು ಬರೋ ಅಭ್ಯಾಸ. ದಯವಿಟ್ಟು ಬೇಡ. ಹಳೇ ದೇವಾಲಯಗಳಲ್ಲಿ ತಲೆ ಇಲ್ಲದ ಮೂರ್ತಿಗಳ ಸಾಲು ಕಂಡ್ರೆ ಅದ್ರಲ್ಲಿ ಎಷ್ಟೋ ಕಳ್ಳರು ಮಾರೋಕೆ ಅಂತ ಕಡಿದಿರೋದು. ಥಾಯ್ಲೆಂಡಿನಿಂದ ಬುದ್ಧನ ಮೂರ್ತಿ ಹೊರಗೆ ತರೋಕೆ ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು.

ಹೊರಡುವಾಗ ಒಂದೆರಡು ಹೆಜ್ಜೆ ಹಿಂದಕ್ಕೆ ಇಟ್ಟು ಆಮೇಲೆ ತಿರುಗಿ, ಅಲ್ಲಿನವರು ಮಾಡೋದು ಹಾಗೆ. ಜಪಾನಿನ ಝೆನ್ ದೇವಾಲಯಗಳ ಬಾಗಿಲಲ್ಲಿ ಎಷ್ಟೋ ಕಡೆ ಒಂದು ಹಲಗೆ ತೂಗು ಹಾಕಿರ್ತಾರೆ, ಕ್ಯಾಕ್ಕಾ ಶೋಕೋ ಅಂತ ಬರ್ದಿರತ್ತೆ, ನಿನ್ನ ಕಾಲ ಕೆಳಗೆ ನೋಡು ಅಂತ ಅದರರ್ಥ. ಧ್ಯಾನ ಮಾಡೋರಿಗೆ ಅದು ಸಾಧನೆಯ ಮಾತು. ಬಾಗಿಲಿಗೆ ಬಂದ ಎಲ್ಲರಿಗೂ ಅದರ ನೇರ ಅರ್ಥ, ಬಿಟ್ಟ ಚಪ್ಪಲಿನ ಎಸೆದು ಹೋಗಬೇಡ, ಜೋಡಿಸಿ, ತುದಿ ಹೊರಗಡೆಗೆ ತಿರುಗಿಸಿ ಇಡು. ಆ ಹಲಗೆ ಕೆಳಗೆ ನೂರಾರು ಜನರ ಚಪ್ಪಲಿ ಬೂಟು ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗಿ ಕೂತಿರ್ತವೆ.